ಮೇಸ್ತ್ರಿ ಕಿವಿ ಕೊಟ್ಟಾಗ

ಅಳಿಯನ ಮೇಲೆ ಮೇಸ್ತ್ರಿಗೆ ಎಳ್ಳಷ್ಟೂ ಗೌರವವಿರಲಿಲ್ಲ. ಎಂಜಿನ್ ಕೆಟ್ಟಿತೆಂದರೆ ಮೀಟರು, ವೈರು, ಪುಸ್ತಕ ಹರಡಿಕೊಂಡು ಕೂರುವವನನ್ನು ಅವರು ಮೆಕ್ಯಾನಿಕ್ ಎಂದು ಒಪ್ಪಿದ್ದೇ ಇಲ್ಲ. “ಹೆಂಡತಿಗೆ ಹಸಿವಾಗಿದ್ಯಾ ಅಂತಾನೂ ಇವನು ಮೀಟರ್ ಇಟ್ಟೇ ನೋಡ್ತಾನೆ” ಎಂದು ಮಗಳ ಎದುರೇ ಆಡಿಕೊಳ್ಳುತ್ತಿದ್ದರು.

ಅವರ ಗ್ಯಾರೇಜಿನ ಶೆಡ್ಡಿನಲ್ಲಿ ಒಂದು ಕಟ್ಟಳೆಯಿತ್ತು. ಮೇಸ್ತ್ರಿ ಎಂಜಿನ್ನಿನ ಮೇಲೆ ಬಗ್ಗಿ ಕಿವಿ ಕೊಟ್ಟರೆ ಯಾರೂ ತುಟಿ ಪಿಟಕ್ಕೆನ್ನಬಾರದು. ಮೂವತ್ತು ವರ್ಷ ಆ ಕಿವಿಯಿಂದಲೇ ಹೆಸರು ಮಾಡಿದವರು.

ಅಂದು ಬೆಳಿಗ್ಗೆ ಬಂದದ್ದು ದರ್ಜಿಯ ಹಳೇ ಕಾರು. ಸಿಗ್ನಲ್ಲಿನಲ್ಲಿ ನಿಂತರೆ ಗಡಗಡ ನಡುಗುತ್ತದೆ, ಓಡಿಸಿದರೆ ತೆಪ್ಪಗಾಗುತ್ತದೆ. ಮೂರು ಗ್ಯಾರೇಜಿನವರು ಕೈಚೆಲ್ಲಿದ್ದರಂತೆ.

“ಅವರಿಗೆ ಕೈ ಇದ್ರೆ ತಾನೇ ಚೆಲ್ಲೋದು” ಎಂದರು ಮೇಸ್ತ್ರಿ. “ಹತ್ತು ನಿಮಿಷದಲ್ಲಿ ಹೇಳ್ತೀನಿ. ಹೇಳದಿದ್ರೆ ನಾಳೆಯಿಂದ ಶೆಡ್ಡು ಈ ಅಳಿಯಂದು. ನಾನು ಈ ಕಡೆ ತಲೆ ಹಾಕಿಯೂ ಮಲಗಲ್ಲ.”

ಪ್ಲಗ್ಗು ಬಿಚ್ಚಿದರು. “ಇದನ್ನ ಕೂರಿಸಿದವನು ಗೋಡೆಗೆ ಮೊಳೆ ಹೊಡೆಯೋಕೂ ಲಾಯಕ್ಕಿಲ್ಲ.” ಹೊಸದು ಹಾಕಿದರು. ಕಾರ್ಬೊರೇಟರ್ ತೊಳೆದರು. ನಡುಕ ನಿಲ್ಲಲಿಲ್ಲ. ಮತ್ತೆ ಬಗ್ಗಿದರು. ಅಳಿಯ ಬಾಯಿ ತೆರೆದ, ಮೇಸ್ತ್ರಿ ಕೈಯೆತ್ತಿದರು, ಮುಚ್ಚಿಕೊಂಡ. ಹತ್ತು ನಿಮಿಷ ಹೋಗಿ ಮೂರು ತಾಸಾಯಿತು.

ಊಟದ ಡಬ್ಬಿ ತಂದ ಮಗಳು ಬಾಗಿಲಲ್ಲೇ ಮುಖ ಕಿವುಚಿದಳು. “ಏನಪ್ಪಾ ಅದು, ಕುಕ್ಕರ್ ಥರ ಸುಯ್ ಅಂತಿದೆ?”

“ಯಾವ ಸುಯ್?” ಮೇಸ್ತ್ರಿ ತಲೆಯೆತ್ತಿದರು.

ದರ್ಜಿ ನೆಲ ನೋಡಿದ. ಅಳಿಯ ಮುಂದೆ ಬಂದು ಎಂಜಿನ್ನಿನ ಹಿಂದಿದ್ದ ಸಣ್ಣ ರಬ್ಬರ್ ಪೈಪಿನ ಸೀಳನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದ. ಕದ್ದು ಒಳನುಗ್ಗುತ್ತಿದ್ದ ಗಾಳಿ ನಿಂತಿತು, ನಡುಕವೂ ಇಳಿಯಿತು. ಮೇಸ್ತ್ರಿಗೆ ಅದು ತಿಳಿದದ್ದು ಕಿವಿಯಿಂದಲ್ಲ, ಕಾರಿನ ಮೇಲಿಟ್ಟಿದ್ದ ಅಂಗೈಯಿಂದ.

“ಯಾವಾಗಿನಿಂದ ಕೇಳಿಸ್ತಿದೆ ನಿಂಗೆ?”

“ಬೆಳಿಗ್ಗೆಯಿಂದ, ಮಾವ. ನಿಮಗೂ ಕೇಳಿಸಿರುತ್ತೆ ಅಂದ್ಕೊಂಡೆ. ನೀವು ಕಿವಿ ಕೊಟ್ಟಾಗ ಹೇಗೆ ಮಾತಾಡೋದು?”

ಅವಮಾನಕ್ಕೆ ಮೇಸ್ತ್ರಿಯ ಕಣ್ಣು ಉರಿಯಿತು. ಅಳಿಯನ ಮುಖದಲ್ಲಿ ಗೆದ್ದ ಜಂಬ ಕಂಡಿದ್ದರೆ ಸ್ಪ್ಯಾನರ್ ಎಸೆದು ಮನೆಗೆ ನಡೆಯುತ್ತಿದ್ದರು. ಆದರೆ ಅಲ್ಲಿದ್ದದ್ದು ಕನಿಕರ, ಅದೂ ಈ ದಡ್ಡನ ಕನಿಕರ.

ಮತ್ತೆ ಎಂಜಿನ್ನಿನ ಮೇಲೆ ಬಗ್ಗಿ ಗದರಿದರು.

“ಕಂಬದ ಥರ ನಿಂತ್ಕೋಬೇಡ. ಇನ್ನೂ ಏನೇನು ಕೇಳಿಸ್ತಿದೆ ಹೇಳು ನಂಗೆ.”