ತಮ್ಮನ ಮೈ ಹೊಕ್ಕ ಅಕ್ಕ

ರಕ್ತದ ಕ್ಯಾನ್ಸರ್ ಆಗಿದ್ದ ತಮ್ಮನಿಗೆ ಅಸ್ಥಿಮಜ್ಜೆ ಕೊಟ್ಟು ಬಂದ ಬಸ್ ಡ್ರೈವರ್ ಅಕ್ಕ ಡಿಪೋದಲ್ಲಿ ಸಿಕ್ಕಸಿಕ್ಕವರಿಗೆಲ್ಲ ನಗುನಗುತ್ತ ಹೇಳಿದ್ದಳು: "ಇನ್ನು ಅವನ ಮೈಯಲ್ಲಿ ಹರಿಯೋದು ನನ್ನ ರಕ್ತ. ಈಗಲಾದ್ರೂ ಹೇಳಿದ ಮಾತು ಕೇಳ್ತಾನೆ."

ಐದನೇ ವಾರಕ್ಕೆ ಆ ನಗು ಬತ್ತಿಹೋಯಿತು. ಗಡಿಯಾರ ರಿಪೇರಿ ಮಾಡುವ ತಮ್ಮನ ಅಂಗೈ ಕೆಂಪೇರಿ, ಬೆರಳ ತುದಿಯ ಚರ್ಮ ಸುಲಿಯತೊಡಗಿತು. ಹಿಂದೆಯೇ ಭೇದಿ ಹಿಡಿಯಿತು. ದಿನಕ್ಕೆ ಹದಿನೈದು ಸಲ, ಕೊನೆಕೊನೆಗೆ ಬರೀ ರಕ್ತ. ಸ್ಟೀರಾಯ್ಡ್ ಕೊಟ್ಟರೂ ಜಗ್ಗಲಿಲ್ಲ.

"ಕ್ಯಾನ್ಸರ್ ಮತ್ತೆ ಬಂತಾ?" ಅಕ್ಕ ಕೇಳಿದಳು.

ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. "ಅದಲ್ಲ. ನಿಮ್ಮ ಮಜ್ಜೆಯ ಜೊತೆ ಹೋದ ಬಿಳಿ ರಕ್ತಕಣಗಳು ಅವರ ಮೈಯನ್ನೇ ಶತ್ರು ಅಂದ್ಕೊಂಡಿವೆ. ಚರ್ಮ, ಕರುಳು, ಎಲ್ಲದರ ಮೇಲೂ ಬಿದ್ದಿವೆ."

"ಅಂದ್ರೆ ಅವನನ್ನ ಕೊಲ್ತಿರೋದು ನಾನು."

"ಹಾಗನ್ಬೇಡಿ. ಆ ಕಣಗಳಲ್ಲೇ ಒಂದು ಜಾತಿ ಇದೆ, ಉಳಿದವನ್ನ ತಡೆದು ಸುಮ್ಮನಾಗಿಸುತ್ತೆ. ಅವರಲ್ಲಿ ಅದು ತೀರಾ ಕಮ್ಮಿ. ನಿಮ್ಮ ರಕ್ತದಿಂದ ಅದನ್ನಷ್ಟೇ ಆರಿಸಿ ಕೊಡಬಹುದು. ಆದ್ರೆ ಇದಿನ್ನೂ ಪ್ರಯೋಗ. ಭರವಸೆ ಕೊಡಲಾರೆ."

ಗೌನು, ಮಾಸ್ಕು ತೊಟ್ಟು ಅವಳು ಒಳಗೆ ಹೋದಾಗ ತಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದ.

"ಚಿಕ್ಕವನಿದ್ದಾಗ ಹೊಡೆದದ್ದು ಸಾಲದೂಂತ ಒಳಗೇ ಹೊಕ್ಕು ಹೊಡೀತಿದೀಯಲ್ಲೇ ಅಕ್ಕ," ಎಂದ. ಆಮೇಲೆ ಮೆಲ್ಲಗೆ, "ಸಾಕು. ಬಿಟ್ಬಿಡಿ ನನ್ನ."

"ಹೊಡೆದೋಳು ನಾನು, ಬಿಡಿಸೋಳೂ ನಾನೇ. ಈ ಒಪ್ಪಿಗೆ ಪತ್ರಕ್ಕೆ ಸಹಿ ಹಾಕೋ, ನಿನ್ನ ಕಾಲಿಗೆ ಬೀಳ್ತೀನಿ."

ಅವನ ಸುಲಿದ ಬೆರಳಲ್ಲಿ ಪೆನ್ನು ನಿಲ್ಲಲಿಲ್ಲ. ಹೆಬ್ಬೆಟ್ಟು ಒತ್ತಿದರೆ ಗೆರೆಯಿಲ್ಲದ ಒದ್ದೆ ಕಲೆಯಷ್ಟೇ ಮೂಡಿತು. ಕೊನೆಗೆ ಎರಡು ಅಂಗೈಗಳ ನಡುವೆ ಪೆನ್ನು ಸಿಕ್ಕಿಸಿ, ಹಲ್ಲು ಕಚ್ಚಿ, ಒಂದು ಗೆರೆ ಎಳೆದ.

ಅಕ್ಕ ಎರಡೂ ತೋಳಿಗೆ ಸೂಜಿ ಚುಚ್ಚಿಸಿಕೊಂಡು ನಾಲ್ಕು ಗಂಟೆ ರಕ್ತಕಣ ಸೋಸುವ ಯಂತ್ರದ ಮುಂದೆ ಅಲುಗಾಡದೆ ಕೂತಳು. ಆರಿಸಿ ತೆಗೆದ ಕಣಗಳು ತಮ್ಮನ ನರಕ್ಕೆ ಇಳಿಯಲು ಹತ್ತು ನಿಮಿಷ ಸಾಕಾಯಿತು.

ಮೂರನೇ ದಿನ ಭೇದಿಯಲ್ಲಿ ರಕ್ತ ಇನ್ನೂ ಹೆಚ್ಚಿತು. ಅಕ್ಕ ಡಾಕ್ಟರಮ್ಮನ ದಾರಿಗಡ್ಡ ನಿಂತಳು. "ಇನ್ನೂ ತೆಗೀರಿ ನನ್ನಿಂದ. ಎಷ್ಟು ಬೇಕೋ ಅಷ್ಟು ತೆಗೀರಿ." ಡಾಕ್ಟರಮ್ಮ ಅವಳ ಕೈ ಹಿಡಿದು, "ಇನ್ನು ಕಾಯೋದಷ್ಟೇ," ಎಂದರು. ಅವತ್ತಿನಿಂದ ಅಕ್ಕ ಯಾರನ್ನೂ ಏನನ್ನೂ ಕೇಳಲಿಲ್ಲ.

ಹನ್ನೊಂದನೇ ದಿನ ನರ್ಸ್ ತಾನಾಗಿಯೇ ಹೊರಗೆ ಬಂದಳು. "ನಿನ್ನೆಯಿಂದ ಏಳೇ ಸಲ. ರಕ್ತ ಇಲ್ಲ. ಎರಡು ಚಮಚ ನೀರು ಕುಡಿದ್ರು, ಒಳಗೆ ನಿಂತಿದೆ."

ಅಕ್ಕ ಅಲ್ಲೇ ನೆಲದ ಮೇಲೆ ಕೂತು, ಬಿಕ್ಕಿಬಿಕ್ಕಿ ಅತ್ತಳು. ತಮ್ಮ ಮನೆ ಸೇರಲು ಮತ್ತೆ ಮೂರು ತಿಂಗಳು ಹಿಡಿಯಿತು.