ತಡೀರಿ, ಹೇಳ್ತೇನ್ರಿ

ಸಪ್ನಾ ಮಾತಾಡುವಾಗ ಉಗ್ಗುತ್ತಿದ್ದಳು. ಅದರಲ್ಲೂ 'ಸ' ಬಂತೆಂದರೆ ನಾಲಿಗೆ ನಿಂತೇಬಿಡುತ್ತಿತ್ತು. ಬಿ.ಎಸ್ಸಿ. ಮುಗಿಸಿ ವಿಜಯಪುರದ ಒಂದು ಲ್ಯಾಬಿಗೆ ಸಂದರ್ಶನಕ್ಕೆ ಹೋದಾಗ ಮೊದಲು ಕೇಳಿದ್ದೇ ಹೆಸರು. ಗಾಬರಿಯಲ್ಲಿ, ಸಲೀಸಾಗಿ ಬಾಯಿಗೆ ಬರುವ ಅಕ್ಕನ ಹೆಸರು ಹೇಳಿಬಿಟ್ಟಳು.

"ಮಾಲಾ ರೀ."

ಎದುರಿಗಿದ್ದವರು ಅಂಕಪಟ್ಟಿ ನೋಡಿದರು. "ಮತ್ತ ಈ ಸಪ್ನಾ ಯಾರವಾ?"

ಅಷ್ಟನ್ನು ಬಿಡಿಸಿ ಹೇಳುವುದು ಅವಳಿಂದ ಆಗಲಿಲ್ಲ. ಎದ್ದು ಬಂದು ತನ್ನೂರು ತಿಕೋಟಾದ ಬಸ್ಸು ಹತ್ತಿದಳು.

ಭಾನುವಾರ ಬಬಲೇಶ್ವರದಿಂದ ತವರಿಗೆ ಬಂದ ಮಾಲಾ ಸಂಗತಿ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಲ್ಲಲೇ, ನೌಕರಿ ಸಿಕ್ಕಿದ್ರ ದಿನಾ ನಾನಽ ಹೋಗಬೇಕಿತ್ತಲ್ಲ."

ಸಪ್ನಾಳಿಗೂ ನಗು ಬಂತು.

"ಉಗ್ಗು ಐತಿ ಅಂತ ಮೊದಲಽ ಹೇಳಿದ್ರ ಏನಾಕ್ಕತಿ?" ಅಕ್ಕ ಕೇಳಿದಳು.

"ಅವರಿಗೆ ಗೊ-ಗೊತ್ತಾಕ್ಕತಿ."

"ಹೆಂಗಿದ್ರೂ ಗೊತ್ತಾಗೂದಽ ಐತಿ. ಮುಚ್ಚಿಡೂ ಕೆಲಸಾದ್ರೂ ತಪ್ಪತೈತಿ."

ಮುಂದಿನ ಸಂದರ್ಶನ ಸೊಲ್ಲಾಪುರ ರಸ್ತೆಯ ಒಣದ್ರಾಕ್ಷಿ ಕಂಪನಿಯಲ್ಲಿ, ಬಂದ ಮಾಲನ್ನು ಪರೀಕ್ಷಿಸುವ ಕೆಲಸಕ್ಕೆ. ಮಾಲೀಕ ಬಸಗೊಂಡಪ್ಪ, ಪಕ್ಕದಲ್ಲಿ ಮ್ಯಾನೇಜರ್ ಹುಸೇನಬಿ. ಸಪ್ನಾ ಕೂತವಳೇ ಹೇಳಿದಳು, "ನನಗ ಉ-ಉಗ್ಗು ಐತ್ರಿ. ಉತ್ತರ ಗೊತ್ತಿರತೈತಿ, ಬಾಯಿಗೆ ಬರಾಕ ತಡಾ ಆಕ್ಕತಿ. ಒಂದೀಟ ತಡೀರಿ."

ತಡೆಯುವುದು ಬಸಗೊಂಡಪ್ಪನವರ ಜಾಯಮಾನವೇ ಅಲ್ಲ. "ಆಗಲಿ ತಂಗಿ. ಮಾಲು ಬಂತು ಅಂತಿಟ್ಕೋ, ಮೊದಲ ಏನ್ ನೋಡ್ತಿ?"

"ತೇ... ತೇ..."

"ತೇಲಿಸಿ ನೋಡ್ತೀ?"

"ಅಲ್ರಿ. ತೇ..."

"ತೇದು ನೋಡ್ತೀ?"

"ಸಾವ್ಕಾರ್ರ," ಎಂದರು ಹುಸೇನಬಿ, "ಸಂದರ್ಶನ ಆಕೀದೋ, ನಿಮ್ದೋ?"

ಬಸಗೊಂಡಪ್ಪ ನಗುತ್ತ ಬಾಯಿಯ ಮೇಲೆ ಕೈಯಿಟ್ಟುಕೊಂಡು ಕೂತರು.

"ತೇವ ನೋಡ್ತೇನ್ರಿ. ಹೆಚ್ಚಿದ್ರ ಬೂ-ಬೂಸಲ ಹಿಡೀತೈತಿ."

ಆಮೇಲೆ ಪ್ರಶ್ನೆಗಳು ಬಂದವು, ಉತ್ತರಗಳು ತಮ್ಮದೇ ಹೊತ್ತಿಗೆ ಬಂದವು. ಕಡೆಗೆ ಹೆಸರು ಕೇಳಿದರು. 'ಸ' ಬಹಳ ಹೊತ್ತು ತಡೆದು ನಿಂತಿತು. ಯಾರೂ ಅವಸರ ಮಾಡಲಿಲ್ಲ. "ಸ... ಸಪ್ನಾ ರೀ," ಎಂದಾಗ ಅವಳ ಬೆನ್ನು ಬೆವೆತಿತ್ತು, ಮನಸ್ಸು ಮಾತ್ರ ಹಗುರಾಗಿತ್ತು.

"ಫೋನೂ ಹಿಡೀಬೇಕಾಕ್ಕತಿ ನೋಡು," ಎಂದರು ಹುಸೇನಬಿ.

"ಹಿಡೀತೇನ್ರಿ."

"ಹಂಗಾರ ಸೋಮವಾರದಿಂದ ಬಾ."

ಸೋಮವಾರವೇ ಅರಕೇರಿಯ ರೈತರೊಬ್ಬರು ಫೋನ್ ಮಾಡಿದರು. ಸಪ್ನಾ "ನ... ನ..." ಅನ್ನುತ್ತಿದ್ದಂತೆ ಆ ಕಡೆಯಿಂದ "ಹಲೋ, ಹಲೋ, ನೆಟ್‌ವರ್ಕ್ ಇಲ್ಲ" ಎಂದು ಕಟ್ ಆಯಿತು. ಅವಳು ಉಸಿರು ಬಿಟ್ಟು ಮತ್ತೆ ತಾನೇ ಫೋನ್ ಹಚ್ಚಿದಳು.

"ನೆಟ್‌ವರ್ಕ್ ಛಲೋ ಐತ್ರಿ. ನಾನಽ ಉ-ಉಗ್ಗತೇನಿ."



"ಹೌದೇನ್ರಿ? ಸಾವಕಾಶ ಹೇಳ್ರಿ ಹಂಗಾರ. ನನ್ನ ಬಸ್ ಇನ್ನೂ ಬಂದಿಲ್ಲ."