ಲೆಸ್ ಟಕ್‌ವೆಲ್‌ನ ಕೇಕು

ಕೆನೆ ತೆಗೆಯುವ ಯಂತ್ರದ ತಗಡಿನ ಬಿಲ್ಲೆಗಳನ್ನು ಕ್ಲೆಮ್ ಪ್ರಿಚರ್ಡ್ ಎರಡನೆಯ ಸಲ ತೊಳೆಯುತ್ತಿದ್ದ. ಒಂದೊಂದು ಬಿಲ್ಲೆಗೂ ನಂಬರಿದೆ. ಅದೇ ಸಾಲಿನಲ್ಲಿ ಕಂಬಿಗೆ ಪೋಣಿಸಬೇಕು. ಅವನು ಹದಿನಾಲ್ಕರ ಮೇಲೆ ಹತ್ತೊಂಬತ್ತನ್ನು ಪೋಣಿಸಿ, ತೆಗೆದು, ಮತ್ತೆ ಅದನ್ನೇ ಪೋಣಿಸಿದ.

"ಇವತ್ತೇನು, ಬಿಲ್ಲೆಗಳ ಚರ್ಮ ಸುಲೀತೀಯಾ?" ಬಾಗಿಲಲ್ಲಿ ನಿಂತಿದ್ದ ಹೆಂಡತಿ ಐವಿ ಕೇಳಿದಳು. "ಗಾಡಿ ಬರೋ ಹೊತ್ತಾಯ್ತು. ಕೆನೆ ಕ್ಯಾನು ಇನ್ನೂ ಇಲ್ಲೇ ಇದೆ."

ನಿನ್ನೆ ಮೆಲ್ಬರ್ನಿನಿಂದ ಬಂದ ಪುಸ್ತಕ ಪಕ್ಕದ ಹಲಗೆಯ ಮೇಲೆ ತೆರೆದೇ ಇತ್ತು. ಅವನಿದ್ದ ಬೆಟಾಲಿಯನ್ನಿನ ಚರಿತ್ರೆ ಅದು. ಈಜಿಪ್ಟಿನ ಮರಳಿನಲ್ಲಿ ಕವಾಯತು, ತುರ್ಕಿಯ ಗಲ್ಲಿಪೊಲಿಯ ಕಡಿದಾದ ದಂಡೆ, ಆಮೇಲೆ ಫ್ರಾನ್ಸಿನ ಕೆಸರು. ಕೊನೆಯಲ್ಲಿ ಹದಿನೆಂಟು ಪುಟ ಬರೀ ಸತ್ತವರ ಹೆಸರು. ಯುದ್ಧ ಮುಗಿದು ಐದು ವರ್ಷವಾದ ಮೇಲೆ ಯಾರೋ ಕೂತು ದಿನಚರಿಗಳನ್ನೆಲ್ಲ ಕೂಡಿಸಿ ಬರೆದಿದ್ದರು. ತನ್ನ ದಿನಚರಿಯನ್ನೂ ಕೊಟ್ಟಿದ್ದರಿಂದ ಕ್ಲೆಮ್‌ಗೆ ಪ್ರತಿ ಮೊದಲೇ ಬಂದಿತ್ತು. ಮಡಿದವರ ಮನೆಗಳಿಗೆ ಸೋಮವಾರ ಅಂಚೆಗೆ ಹಾಕುತ್ತೇವೆ ಎಂದು ಜೊತೆಯ ಚೀಟಿಯಲ್ಲಿತ್ತು.

ಇವತ್ತು ಶನಿವಾರ.

"ಆ ಪುಸ್ತಕದಲ್ಲಿ ಏನಿದೆ ಅಂತ ಬಾಯಿಬಿಟ್ಟು ಹೇಳ್ಬಾರ್ದಾ? ರಾತ್ರಿಯೆಲ್ಲ ಹೊರಳಾಡಿ ನನ್ನ ಹೊದಿಕೇನೂ ಎಳ್ಕೊಂಡೆ."

ಅವನು ಒದ್ದೆ ಬೆರಳಿನಿಂದ ಎರಡು ಸಾಲು ತೋರಿಸಿದ. ಐವಿ ಬಗ್ಗಿ ಓದಿದಳು. ಮೇ ಹದಿನಾಲ್ಕು: ಶತ್ರುವಿನ ಕಂದಕದ ಮೇಲೆ ದಾಳಿ, ಒಂಬತ್ತು ಸಾವು. ಮೇ ಹತ್ತೊಂಬತ್ತು: ಮೂರು ವಾರದ ಮೇಲೆ ಊರಿನ ಟಪಾಲು ಬಂತು.

"ಅದಕ್ಕೇನೀಗ?"

"ಲೆಸ್ ಟಕ್‌ವೆಲ್ ಸತ್ತಿದ್ದು ಹದಿನಾಲ್ಕಕ್ಕೆ."

ಗಂಡನ ಜೊತೆ ಯುದ್ಧದಲ್ಲಿದ್ದ ಲೆಸ್‌ನ ಮುಖವನ್ನು ಐವಿ ನೋಡಿದವಳಲ್ಲ. ಅವನ ತಾಯಿಯ ಕೈರುಚಿ ಮಾತ್ರ ಚೆನ್ನಾಗಿ ಗೊತ್ತಿತ್ತು. ಕ್ಲೆಮ್ ಊರಿಗೆ ಮರಳಿದಾಗಿನಿಂದ ಆ ಮುದುಕಿ ಪ್ರತಿವರ್ಷ ಮಗನ ಹುಟ್ಟಿದ ದಿನಕ್ಕೆ ಒಣಹಣ್ಣಿನ ಕೇಕು ಕಳಿಸುತ್ತಿದ್ದಳು. ಯುದ್ಧಕ್ಕೆ ಕಳಿಸುತ್ತಿದ್ದ ಹಾಗೆಯೇ, ಡಬ್ಬಿಗೆ ಬಟ್ಟೆ ಸುತ್ತಿ ಹೊಲಿದು, ಬಟ್ಟೆಯ ಮೇಲೆ ಶಾಯಿಯಲ್ಲಿ ವಿಳಾಸ ಬರೆದು.

ಮಗ ಸತ್ತ ಸುದ್ದಿ ತಲುಪಿದ ಮೇಲೆ ಆಕೆ ಕ್ಲೆಮ್‌ಗೆ ಬರೆದ ಕಾಗದದಲ್ಲಿ ಒಂದೇ ಪ್ರಶ್ನೆ ಇತ್ತು: ನಾನು ಕಳಿಸಿದ ಕೇಕು ಅವನ ಕೈಸೇರಿತೆ? ಸೇರಿತು, ದಾಳಿಯ ಹಿಂದಿನ ದಿನವಷ್ಟೇ ಬಂತು, ಎಲ್ಲರಿಗೂ ಹಂಚಿ ತಿಂದ ಎಂದು ಕ್ಲೆಮ್ ಉತ್ತರ ಬರೆದಿದ್ದ. ನಡೆದದ್ದು ಬೇರೆ. ಡಬ್ಬಿ ಬಂದದ್ದು ಐದು ದಿನ ತಡವಾಗಿ. ಸತ್ತವನ ಪೊಟ್ಟಣವನ್ನು ವಾಪಸು ಕಳಿಸದೆ ಜೊತೆಯವರು ಹಂಚಿಕೊಳ್ಳುವುದು ಅಲ್ಲಿನ ಪದ್ಧತಿ. ಹೊಲಿಗೆ ಕತ್ತರಿಸಿದವನು ಕ್ಲೆಮ್.

ಇದನ್ನೆಲ್ಲ ಅವನು ಬಿಲ್ಲೆಗಳನ್ನೇ ನೋಡುತ್ತ ಹೇಳಿದ.

"ಹಾಗಾದ್ರೆ ನಾಲ್ಕು ವರ್ಷದಿಂದ ಕೇಕು ಬಂದಾಗೆಲ್ಲ ನಿಂಗೆ ಬರ್ತಿದ್ದ ಹಲ್ಲುನೋವು?"

"ಹಲ್ಲಿಗೇನೂ ಆಗಿಲ್ಲ."

"ನಾನು ಲವಂಗದೆಣ್ಣೆ ತಂದು ತಂದು ಸುರಿದ್ನಲ್ಲೋ, ಪಾಪಿ." ಐವಿ ಮೋಟುಕಾಲಿನ ಸ್ಟೂಲಿನ ಮೇಲೆ ಕುಳಿತಳು. "ಹೋಗ್ಲಿ ಬಿಡು. ಕೇಕಿನ ಸುಳ್ಳು ತಾನೇ."

"ಅದೊಂದೇ ಆಗಿದ್ರೆ ಬಿಡ್ತಿದ್ದೆ. ಗುಂಡು ತಗಲಿದ ಕೂಡ್ಲೇ ಹೋದ, ನೋವು ತಿನ್ಲಿಲ್ಲ ಅಂತಾನೂ ಬರ್ದಿದ್ದೆ. ಎಲ್ಲರ ಮನೆಗೂ ಹಾಗೇ ಬರೀತಿದ್ವಿ, ನಿಜ ಇರ್ಲಿ ಬಿಡ್ಲಿ. ಆದ್ರೆ ಲೆಸ್ ವಿಷಯದಲ್ಲಿ ಅದು ನಿಜ, ಐವಿ. ಆಕೆ ಈ ಎರಡು ತಾರೀಖು ನೋಡಿದ ಮೇಲೆ ಅದನ್ನ ನಂಬ್ತಾಳಾ?"

ಐವಿ ಪುಸ್ತಕ ಮುಚ್ಚಿದಳು. "ಪುಸ್ತಕಕ್ಕಿಂತ ಮುಂಚೆ ನಿನ್ನ ಕಾಗದ ಹೋಗ್ಬೇಕು."

"ಬರ್ದಾಗಿದೆ."

ಮೇಲಿನ ಹಲಗೆಯಿಂದ ಮೊದಲ ವರ್ಷದ ಕೇಕಿನ ಡಬ್ಬಿ ಇಳಿಸಿ ಮೊಳೆಗಳನ್ನು ಸುರಿದ. ತಳದಲ್ಲಿ ತುಕ್ಕಿನ ಕಲೆ ಹತ್ತಿದ, ಮಡಿಸಿದ ಕಾಗದವೊಂದಿತ್ತು, ಊರಿಗೆ ಮರಳುವಾಗ ಹಡಗಿನಲ್ಲಿ ಆಕೆಗೆ ಕೇಕಿನ ನಿಜ ಬರೆದದ್ದು.

"ಮೊಳೆ ಕಾಯ್ಲಿ ಅಂತ ಇಟ್ಟಿದ್ಯಾ ಇದನ್ನ?"

"ಹೊಸದಾಗಿ ನೀಟಾಗಿ ಬರೀತೀನಿ."

"ಹಾಗೆ ಕೂತ್ರೆ ಇನ್ನೂ ನಾಲ್ಕು ವರ್ಷ ಆಗುತ್ತೆ. ಅಲ್ಲಿ ಕೇಳು, ಗಾಡಿ."

ಅವಳು ಪೆನ್ಸಿಲು, ಲಕೋಟೆ ತರಲು ಓಡಿದಳು. ಅವನು ಮಂಡಿಯ ಮೇಲಿಟ್ಟು ಕೆಳಗೆ ಸೇರಿಸಿದ: ಪುಸ್ತಕದ ತಾರೀಖು ಸರಿ. ಕೇಕು ತಿಂದವರು ನಾವು. ಲೆಸ್ ಕೂಡಲೇ ಹೋದದ್ದು ಮಾತ್ರ ನಿಜ. ಕೈಚಾಚಿದರೆ ಸಿಗುವಷ್ಟು ಹತ್ತಿರ ನಾನಿದ್ದೆ.

ರಸ್ತೆಬದಿಯಲ್ಲಿ ಬರ್ಟ್ ಹ್ಯಾನಿಗನ್ ಕುದುರೆ ನಿಲ್ಲಿಸಿದ್ದ. ಸುತ್ತಿನ ಮನೆಗಳ ಕೆನೆಯನ್ನೂ ಟಪಾಲನ್ನೂ ರೈಲಿಗೆ ಮುಟ್ಟಿಸುವವನು ಅವನೇ.

"ಕಾಯ್ಬೇಕಾದ್ದು ಕ್ಯಾನಿಗೋ, ನಿಮ್ಮಿಬ್ಬರ ಜಗಳ ಮುಗಿಯೋದಕ್ಕೋ?"

ಕ್ಯಾನು ಏರಿಸಿ ಕ್ಲೆಮ್ ಲಕೋಟೆ ಕೊಟ್ಟ. ಹ್ಯಾನಿಗನ್ ಅದನ್ನು ಕೋಟಿನ ಜೇಬಿಗೆ ತುರುಕಿದ.

"ಜೇಬಿಗಲ್ಲ ಬರ್ಟ್. ಚೀಲಕ್ಕೆ ಹಾಕು."

"ಜೇಬೂ ಸ್ಟೇಷನ್ನಿಗೇ ಹೋಗೋದು ಮಾರಾಯ."

"ಐವಿ ತಂಗಿಗೆ ಬರೆದ ಕಾಗದ ಆ ಜೇಬಿಗೆ ಹೋಗಿದ್ದು ಕ್ರಿಸ್‌ಮಸ್‌ಗೆ ಹೊರಗೆ ಬಂತು. ಚೀಲಕ್ಕೆ ಹಾಕು."

ಹ್ಯಾನಿಗನ್ ಗೊಣಗುತ್ತ ಟಪಾಲು ಚೀಲದ ಬಾಯಿ ಬಿಚ್ಚಿ, ಲಕೋಟೆ ಇಳಿಬಿಟ್ಟು, ಮತ್ತೆ ಬಿಗಿದು, ಗಂಟನ್ನು ಎಳೆದು ತೋರಿಸಿದ.

ಗಾಡಿ ಹೊರಟಾಗ ಕ್ಲೆಮ್‌ನ ಕೈ ಇನ್ನೂ ಅದರ ಹಲಗೆಯ ಮೇಲೆಯೇ ಇತ್ತು. ನಾಲ್ಕು ಹೆಜ್ಜೆ ಜೊತೆಗೇ ನಡೆದು, ಬಿಟ್ಟ.